ಸಾಂಟಾ ಫೆ ಮತ್ತು ಸೆಡೋನಾ: ಇಬ್ಬರೇ ಕಳೆದ ಎರಡು ದೀರ್ಘ ವಾರಾಂತ್ಯಗಳ ಹೋಲಿಕೆ

ಮಗಳು ಕಾಲೇಜು ಸೇರಲು ಮನೆ ಬಿಟ್ಟು ಹೋದ ಮೇಲೆ, ಹದಿನೆಂಟು ವರ್ಷಗಳ ನಂತರ ಮೊದಲ ಬಾರಿಗೆ ನಾನೂ ನನ್ನ ಪತ್ನಿಯೂ ಇಬ್ಬರೇ ಪ್ರವಾಸ ಹೊರಡುವ ಸಂದರ್ಭ ಬಂತು. ನಾವು ಡಾಲಸ್‌ನಲ್ಲಿ ನೆಲೆಸಿರುವವರು. ಇಲ್ಲಿಂದ ವಿಮಾನದಲ್ಲಿ ಬೇಗ ತಲುಪುವಂಥ, ಮೂರು ದಿನಕ್ಕೆ ಹೊಂದುವಷ್ಟು ಚಿಕ್ಕದಾದ, ಈ ಬಯಲು ನಗರಕ್ಕಿಂತ ಪೂರ್ತಿ ಬೇರೆಯಾದ ಒಂದು ಮರುಭೂಮಿ ಊರು ಬೇಕೆಂದು ಹುಡುಕಿದಾಗ ಕೊನೆಗೆ ಎರಡು ಹೆಸರುಗಳು ಉಳಿದವು: ನ್ಯೂ ಮೆಕ್ಸಿಕೊದ ಸಾಂಟಾ ಫೆ ಮತ್ತು ಆರಿಝೋನಾದ ಸೆಡೋನಾ. ಮೊದಲನೆಯದನ್ನು ಸೆಪ್ಟೆಂಬರ್ ತಿಂಗಳ ಲೇಬರ್ ಡೇ ರಜೆಯಲ್ಲಿ, ಎರಡನೆಯದನ್ನು ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ರಜೆಯಲ್ಲಿ ನೋಡಿ ಬಂದೆವು; ಎರಡೂ ಸೋಮವಾರ ಬರುವ ರಜೆಗಳು. ಎರಡೂ ಕಡೆ ಮೂರು ರಾತ್ರಿ ತಂಗಿದೆವು, ಎರಡೂ ಕಡೆ ಬಾಡಿಗೆ ಕಾರು ಹಿಡಿದೆವು, ಎರಡೂ ಕಡೆ ಸಸ್ಯಾಹಾರವನ್ನೇ ಉಂಡೆವು. ಋತು ಬೇರೆಯಾಗಿದ್ದುದರಿಂದ ಹವೆಯ ವಿಷಯದಲ್ಲಿ ಮಾತ್ರ ಈ ಹೋಲಿಕೆ ಸರಿಸಮವಲ್ಲ.

ನನ್ನ ಒಲವು ಎತ್ತ ಕಡೆಗಿದೆ ಎಂಬುದನ್ನು ಮೊದಲೇ ಹೇಳುವುದು ನ್ಯಾಯ. ನಾನು ಹುಟ್ಟಿ ಬೆಳೆದದ್ದು ಬಾದಾಮಿಯ ಹತ್ತಿರದ ಹಳ್ಳಿಯಲ್ಲಿ. ಕೆಂಪು ಬಂಡೆ, ಮಣ್ಣಿನ ಮಾಳಿಗೆ ಮನೆ, ಒಣ ಗಾಳಿ ನನಗೆ ಹೊಸವಲ್ಲ. ಪತ್ನಿಯ ತವರು ತೀರ್ಥಹಳ್ಳಿಯ ಕಡೆ. ಹರಿಯುವ ನೀರು ಕಾಣದ ಊರಿನಲ್ಲಿ ಅವಳಿಗೆ ಎರಡನೆಯ ದಿನಕ್ಕೇ ಏನೋ ಕಳೆದುಕೊಂಡಂತೆ ಅನಿಸುತ್ತದೆ. ನನಗೆ ಸಾಂಟಾ ಫೆ ಹೆಚ್ಚು ಹಿಡಿಸಿತು, ಅವಳಿಗೆ ಸೆಡೋನಾ.

ತಲುಪುವ ದಾರಿಯಲ್ಲಿ ಸಾಂಟಾ ಫೆಯೇ ಸುಲಭ. ಡಾಲಸ್‌ನಿಂದ ಆಲ್ಬುಕರ್ಕಿಗೆ ಎರಡು ಗಂಟೆಯೊಳಗಿನ ವಿಮಾನ, ಅಲ್ಲಿಂದ ಹೆದ್ದಾರಿಯಲ್ಲಿ ಒಂದು ಗಂಟೆ. ಕಾರು ಬೇಡವೆನ್ನುವವರಿಗೆ ಆಲ್ಬುಕರ್ಕಿಯಿಂದ ಸಾಂಟಾ ಫೆಯ ನಡುಪೇಟೆಯ ಸಮೀಪದವರೆಗೆ ರೈಲ್ ರನ್ನರ್ ಎಂಬ ರೈಲು ಇದೆ, ಆದರೆ ರಜೆಯ ದಿನಗಳಲ್ಲಿ ಅದರ ವೇಳಾಪಟ್ಟಿಯನ್ನು ಮೊದಲೇ ನೋಡಿಕೊಳ್ಳಬೇಕು. ಸೆಡೋನಾಕ್ಕೆ ಹೋಗಬೇಕಾದರೆ ಫೀನಿಕ್ಸ್‌ನಲ್ಲಿ ಇಳಿದು ಉತ್ತರಕ್ಕೆ ಎರಡು ಗಂಟೆ ಕಾರು ನಡೆಸಬೇಕು. ಆ ದಾರಿ ಚೆಲುವಾಗಿದೆ ಎಂಬುದು ನಿಜ: ಸುಮಾರು 1,100 ಅಡಿ ಎತ್ತರದ ಫೀನಿಕ್ಸ್‌ನಿಂದ ಮೇಲೇರುತ್ತ ಹೋದಂತೆ, ತೋಳೆತ್ತಿ ನಿಂತ ಆಳೆತ್ತರ ಮೀರಿದ ಸಗ್ವಾರೊ ಕಳ್ಳಿಗಳು ಒಂದು ಎತ್ತರದಲ್ಲಿ ಇದ್ದಕ್ಕಿದ್ದಂತೆ ಮುಗಿದು, ಹುಲ್ಲುಗಾವಲೂ ಜೂನಿಪರ್ ಗಿಡಗಳೂ ತೊಡಗುತ್ತವೆ. ಆದರೆ ಶುಕ್ರವಾರ ಸಂಜೆ ಫೀನಿಕ್ಸ್ ಬಿಡುವ ವಾಹನಗಳ ಸಾಲು, ಸೋಮವಾರ ಮಧ್ಯಾಹ್ನ ಅದೇ ಸಾಲು ತಿರುಗಿ ಬರುವ ಹೊತ್ತು ಇವೆರಡೂ ಸೇರಿ, ಮೂರು ದಿನದ ಪ್ರವಾಸದಲ್ಲಿ ನಮ್ಮ ಅರ್ಧ ದಿನವನ್ನು ತಿಂದವು.

ಎರಡೂ ಊರುಗಳನ್ನು ಮರುಭೂಮಿಯ ಊರುಗಳೆಂದು ಕರೆಯುತ್ತಾರಾದರೂ, ಮರಳು ದಿಬ್ಬಗಳನ್ನು ನಿರೀಕ್ಷಿಸಿ ಹೋದವರಿಗೆ ಎರಡರಲ್ಲೂ ನಿರಾಶೆಯಾಗುತ್ತದೆ. ಇವು ಎತ್ತರದ ಒಣನೆಲಗಳು. ಸೆಡೋನಾ ಸುಮಾರು 4,300 ಅಡಿ ಎತ್ತರದಲ್ಲಿದೆ. ಸಾಂಟಾ ಫೆ ಸುಮಾರು 7,000 ಅಡಿ, ಅಮೆರಿಕದ ರಾಜ್ಯ ರಾಜಧಾನಿಗಳಲ್ಲೇ ಅತ್ಯಂತ ಎತ್ತರದ್ದು. ಈ ವ್ಯತ್ಯಾಸ ಓದುವಾಗ ಬರಿಯ ಅಂಕಿಯಾಗಿತ್ತು, ದೇಹಕ್ಕೆ ಹಾಗಾಗಲಿಲ್ಲ. ಸಾಂಟಾ ಫೆಯಲ್ಲಿ ಮೊದಲ ಸಂಜೆ ಪತ್ನಿಗೆ ತಲೆನೋವು ಶುರುವಾಗಿ ಮರುದಿನ ಮಧ್ಯಾಹ್ನದವರೆಗೂ ಬಿಡಲಿಲ್ಲ, ನನಗೂ ಮೆಟ್ಟಿಲು ಹತ್ತಿದಾಗ ಏದುಸಿರು ಬಂತು. ಮೊದಲ ದಿನ ಬೆಟ್ಟ ಹತ್ತುವ ಯೋಜನೆ ಇಟ್ಟುಕೊಳ್ಳದೆ, ನೀರನ್ನು ಹೆಚ್ಚು ಕುಡಿಯುತ್ತ, ನಡುಪೇಟೆಯಲ್ಲೇ ನಿಧಾನವಾಗಿ ಅಡ್ಡಾಡುವುದು ಉತ್ತಮ. ರಕ್ತದೊತ್ತಡ ಅಥವಾ ಉಸಿರಾಟದ ತೊಂದರೆ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು. ಸೆಡೋನಾದಲ್ಲಿ ಈ ತೊಂದರೆ ನಮ್ಮಿಬ್ಬರಿಗೂ ಕಾಣಲಿಲ್ಲ.

ಕಣ್ಣಿಗೆ ಕಾಣುವ ನಿಸರ್ಗದ ವಿಷಯದಲ್ಲಿ ಸೆಡೋನಾದ ಮುಂದೆ ಸಾಂಟಾ ಫೆ ನಿಲ್ಲುವುದಿಲ್ಲ. ಊರಿನ ಯಾವ ತಿರುವಿನಲ್ಲಿ ನಿಂತರೂ ಕೆಂಪು ಮರಳುಗಲ್ಲಿನ ಗೋಡೆಗಳು, ಗೋಪುರಗಳು ಎದುರಿಗಿರುತ್ತವೆ. ಆ ಕೆಂಪು ಕಲ್ಲಿನ ಮೈಯೆಲ್ಲ ತುಂಬಿದ ಬಣ್ಣವಲ್ಲ. ಮರಳಿನ ಕಣಕಣವನ್ನೂ ತೆಳ್ಳಗೆ ಸುತ್ತಿಕೊಂಡ ಕಬ್ಬಿಣದ ತುಕ್ಕು. ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಸಂಜೆ ಬಿಸಿಲಿಗೆ ಗುಡ್ಡ ಕೆಂಡದಂತಾಗುವುದನ್ನು ನೋಡಿದವರಿಗೆ ಇಲ್ಲಿನ ಸಂಜೆ ಪರಿಚಿತವೆನಿಸುತ್ತದೆ, ಅಳತೆ ಮಾತ್ರ ಹತ್ತಾರು ಪಟ್ಟು ದೊಡ್ಡದು. ನಮ್ಮ ಬಾದಾಮಿಯ ಕಲ್ಲು ವಯಸ್ಸಿನಲ್ಲಿ ಇದಕ್ಕಿಂತ ಬಹಳ ಹಿರಿಯದು, ಮೇಲಾಗಿ ಅದರ ಮೇಲೆ ಮನುಷ್ಯನ ಉಳಿ ಆಡಿದೆ. ಅಲ್ಲಿನ ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದು. ಸೆಡೋನಾದ ಬಂಡೆಗಳಲ್ಲಿ ಅಂಥ ಗುಹಾಲಯಗಳನ್ನು ಯಾರೂ ಕೊರೆದಿಲ್ಲ. ಅವುಗಳ ನಡುವೆ 1956ರಲ್ಲಿ ಕಟ್ಟಿ ಮುಗಿಸಿದ ಹೋಲಿ ಕ್ರಾಸ್ ಪ್ರಾರ್ಥನಾಮಂದಿರವೊಂದು ಎರಡು ಕೆಂಪು ಬಂಡೆಗಳ ಮಧ್ಯೆ ಬೆಣೆ ಬಡಿದಂತೆ ನಿಂತಿದೆ. ಒಳಗೆ ಕುಳಿತರೆ ದೊಡ್ಡ ಗಾಜಿನಾಚೆ ಕಣಿವೆ ಕಾಣುತ್ತದೆ.

ಇಲ್ಲಿ ನಾವು ಮಾಡಿದ ಅತ್ಯುತ್ತಮ ಕೆಲಸ ಕ್ಯಾಥೀಡ್ರಲ್ ರಾಕ್ ಹತ್ತಿದ್ದು. ದೂರ ಒಂದು ಮೈಲಿಗೂ ಕಡಿಮೆ, ಆದರೆ ಸುಮಾರು 700 ಅಡಿ ಏರು, ನಡುವೆ ಒಂದೆರಡು ಕಡೆ ಕೈಯೂರಿ ಬಂಡೆಯ ಸೀಳಿನಲ್ಲಿ ಮೇಲೇರಬೇಕು. ನನ್ನ ಪತ್ನಿಗೆ ಐವತ್ತು ಹತ್ತಿರವಾಗಿದೆ, ಮೊಣಕಾಲು ಆಗಾಗ ನೋಯುತ್ತದೆ. ಆದರೂ ನಿಲ್ಲುತ್ತ ನಿಲ್ಲುತ್ತ ಮೇಲೆ ಬಂಡೆಗೋಪುರಗಳ ನಡುವಿನ ತಗ್ಗಿನವರೆಗೆ ಬಂದಳು. ಮೇಲೆ ಗಾಳಿಗೆ ಬೆನ್ನು ಕೊಟ್ಟು ಕೂತು ಇಬ್ಬರೂ ಒಂದು ಗಂಟೆ ಮಾತಾಡಲಿಲ್ಲ. ಫೆಬ್ರವರಿಯಾದ್ದರಿಂದ ಬಿಸಿಲು ಹಿತವಾಗಿತ್ತು, ನೆರಳಿನ ಬಂಡೆಗಳ ಮೇಲೆ ಮಾತ್ರ ಬೆಳಗಿನ ಮಂಜುಗಡ್ಡೆ ಕರಗದೆ ಉಳಿದಿತ್ತು. ಹಿಡಿತವಿರುವ ಬೂಟು ಇಲ್ಲದೆ ಆ ಕಾಲದಲ್ಲಿ ಹತ್ತಬಾರದು.

ಆದರೆ ಆ ಒಂದು ಗಂಟೆಯ ಮೌನಕ್ಕಾಗಿ ಪಟ್ಟ ಪಾಡನ್ನೂ ಹೇಳಬೇಕು. ಸೆಡೋನಾದ ಜನಸಂಖ್ಯೆ ಹತ್ತು ಸಾವಿರವೂ ಇಲ್ಲ. ರಜೆಯ ವಾರಾಂತ್ಯದಲ್ಲಿ ಬರುವವರು ಅದಕ್ಕಿಂತ ಎಷ್ಟೋ ಹೆಚ್ಚು. ಅರಣ್ಯ ಇಲಾಖೆಯ ಹಲವು ನಿಲುಗಡೆಗಳಲ್ಲಿ ಕಾರು ಬಿಡಲು ರೆಡ್ ರಾಕ್ ಪಾಸ್ ಬೇಕು, ದಿನಕ್ಕೆ 5 ಡಾಲರ್. ಹಣ ದೊಡ್ಡದಲ್ಲ, ಜಾಗ ಸಿಗುವುದೇ ಕಷ್ಟ. ಮೊದಲ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೋದ ನಾವು ಮೂರು ಕಡೆ ಸುತ್ತಿ ಎಲ್ಲಿಯೂ ನಿಲ್ಲಿಸಲಾಗದೆ ಹಿಂದಿರುಗಿದೆವು. ಉಚಿತ ಷಟಲ್ ಬಸ್ಸು ಓಡುವ ದಿನಗಳಲ್ಲಿ ಕ್ಯಾಥೀಡ್ರಲ್ ರಾಕ್‌ನ ನಿಲುಗಡೆಯನ್ನು ಮುಚ್ಚಿಯೇ ಬಿಡುತ್ತಾರೆ ಎಂಬುದು ನಮಗೆ ಗೊತ್ತಿರಲಿಲ್ಲ. ಎರಡನೆಯ ದಿನ ಊರ ಹೊರಗಿನ ನಿಲುಗಡೆಯಲ್ಲಿ ಕಾರು ಬಿಟ್ಟು ಮೊದಲ ಬಸ್ಸಿಗೇ ಹೋದಾಗ ಎಲ್ಲವೂ ಸರಾಗವಾಯಿತು. ಹೀಗಾಗಿ ಸೆಡೋನಾದಲ್ಲಿ ದಂಪತಿಗಳು ಬೆಳಗಿನ ಆರು ಗಂಟೆಗೆ ಏಳಲು ಸಿದ್ಧರಿರಬೇಕು. ತಡವಾಗಿ ಎದ್ದು, ಕಾಫಿ ಕುಡಿಯುತ್ತ, ಇವತ್ತು ಎಲ್ಲಿಗೆ ಹೋಗೋಣ ಎಂದು ಯೋಚಿಸುವ ಬಗೆಯ ರಜೆ ಅಲ್ಲಿ ಒಗ್ಗುವುದಿಲ್ಲ.

ಸಾಂಟಾ ಫೆಯಲ್ಲಿ ಒಗ್ಗುತ್ತದೆ. ನಾನು ಅದನ್ನು ಮೇಲಿಡುವುದಕ್ಕೆ ಮೊದಲ ಕಾರಣ ಇದೇ. ಪ್ಲಾಜಾ ಎಂಬ ನಡುಚೌಕದಿಂದ ಕಾಲ್ನಡಿಗೆಯ ದೂರದಲ್ಲಿ ಕೋಣೆ ಹಿಡಿದಿದ್ದರಿಂದ ಎರಡು ದಿನ ಕಾರಿನ ಕೀಲಿ ಮುಟ್ಟಲಿಲ್ಲ. ಸ್ಪೇನಿನವರು 1610ರಲ್ಲಿ ಕಟ್ಟಿಸಿದ ಗವರ್ನರುಗಳ ಅರಮನೆ ಚೌಕದ ಉತ್ತರಕ್ಕಿದೆ. ಅಮೆರಿಕದಲ್ಲಿ ಎಡೆಬಿಡದೆ ಬಳಕೆಯಲ್ಲಿರುವ ಸಾರ್ವಜನಿಕ ಕಟ್ಟಡಗಳಲ್ಲಿ ಅದೇ ಅತಿ ಹಳೆಯದು. 1680ರಲ್ಲಿ ಸುತ್ತಲಿನ ಪ್ವೆಬ್ಲೊ ಜನಾಂಗದವರು ಒಟ್ಟಾಗಿ ದಂಗೆಯೆದ್ದು ಸ್ಪೇನಿನವರನ್ನು ಹೊರಗಟ್ಟಿ ಹನ್ನೆರಡು ವರ್ಷ ಈ ಊರನ್ನು ತಮ್ಮ ಕೈಯಲ್ಲಿಟ್ಟುಕೊಂಡಿದ್ದರು. ಇಂದು ಅದೇ ಅರಮನೆಯ ಉದ್ದನೆಯ ಜಗಲಿಯಲ್ಲಿ ಕಂಬಳಿ ಹಾಸಿ ಕುಳಿತು ಪ್ವೆಬ್ಲೊ, ನವಾಹೊ ಮುಂತಾದ ಮೂಲನಿವಾಸಿ ಸಮುದಾಯಗಳ ಕುಶಲಕರ್ಮಿಗಳು ಬೆಳ್ಳಿ ಮತ್ತು ಟರ್ಕ್ವಾಯ್ಸ್ ಎಂಬ ಹಸಿರುನೀಲಿ ಕಲ್ಲಿನ ಒಡವೆ, ಮಣ್ಣಿನ ಪಾತ್ರೆ ಮಾರುತ್ತಾರೆ. ಯಾರಿಗೆ ಯಾವ ಜಾಗ ಎಂಬುದನ್ನು ಪ್ರತಿದಿನ ಬೆಳಿಗ್ಗೆ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಮಾರುವ ವಸ್ತು ಕೈಯಿಂದ ಮಾಡಿದ್ದೇ ಆಗಿರಬೇಕೆಂಬ ಕಟ್ಟುನಿಟ್ಟೂ ಇದೆ. ಪತ್ನಿ ಒಂದು ಜೊತೆ ಓಲೆ ಕೊಂಡಳು. ಮಾಡಿದ ಹೆಂಗಸೇ ಆ ಹಸಿರುನೀಲಿ ಕಲ್ಲನ್ನು ಹೇಗೆ ಕತ್ತರಿಸಿ ಕೂರಿಸುತ್ತಾರೆಂದು ಹತ್ತು ನಿಮಿಷ ವಿವರಿಸಿದರು. ಸೆಡೋನಾದ ಅಂಗಡಿ ಸಾಲಿನಲ್ಲಿ ಒಡವೆಗೆ ಕೊರತೆಯಿರಲಿಲ್ಲ, ಮಾಡಿದವರ ಕೈ ಮಾತ್ರ ನಮಗೆ ಕಾಣಸಿಗಲಿಲ್ಲ.

ಮನೆಗಳ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಸಾಂಟಾ ಫೆಯಲ್ಲಿ ನನ್ನನ್ನು ನಿಲ್ಲಿಸಿದ್ದು ಅವೇ. ಮಣ್ಣು, ಮರಳು, ಹುಲ್ಲು ಕಲಸಿ ಅಚ್ಚಿಗೆ ಹಾಕಿ ಬಿಸಿಲಿನಲ್ಲಿ ಒಣಗಿಸಿದ ಇಟ್ಟಿಗೆಗೆ ಅಲ್ಲಿ ಅಡೋಬಿ ಎನ್ನುತ್ತಾರೆ; ಅದೇ ಮಣ್ಣನ್ನೇ ಗೋಡೆಗೆ ಮೆತ್ತುತ್ತಾರೆ. ಗೋಡೆಯಿಂದ ಗೋಡೆಗೆ ಇಟ್ಟ ದುಂಡು ಮರದ ತೊಲೆಗೆ ವಿಗಾ, ಅದರ ಮೇಲೆ ಅಡ್ಡಕ್ಕೆ ಹೊಂದಿಸಿದ ಸಣ್ಣ ಗಳುಗಳಿಗೆ ಲಟಿಯಾ, ಮೇಲೆ ಮಣ್ಣಿನ ಚಪ್ಪಟೆ ಮಾಳಿಗೆ. ನಮ್ಮ ಅಜ್ಜನ ಮನೆಯಲ್ಲೂ ಇದೇ ಕ್ರಮವಿತ್ತು: ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಮಣ್ಣು, ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹೊರುವ ಕೆಲಸ. ಒಂದು ಸಣ್ಣ ವಸ್ತುಸಂಗ್ರಹಾಲಯದ ಒಳಕೋಣೆಯಲ್ಲಿ ತಲೆಯೆತ್ತಿ ನೋಡಿದಾಗ, ಮಧ್ಯಾಹ್ನದ ಹೊತ್ತು ಆ ಮನೆಯ ಪಡಸಾಲೆಯಲ್ಲಿ ಮಲಗಿ ಜಂತಿ ಎಣಿಸುತ್ತಿದ್ದುದು ನೆನಪಾಗಿ ಗಂಟಲು ಕಟ್ಟಿತು. ನಮ್ಮಲ್ಲಿ ಅಂಥ ಮನೆಗಳನ್ನು ಕೆಡವಿ ಸಿಮೆಂಟಿನ ಡಬ್ಬಗಳನ್ನು ಕಟ್ಟುತ್ತಿದ್ದೇವೆ. ಸಾಂಟಾ ಫೆ 1957ರಲ್ಲೇ ನಗರದ ಹಳೆಯ ಭಾಗಗಳಲ್ಲಿ ಹೊಸ ಕಟ್ಟಡವೂ ಹಳೆಯ ಶೈಲಿಯಲ್ಲೇ ಇರಬೇಕೆಂದು ಕಾನೂನು ಮಾಡಿತು. ಇಂದು ಅಲ್ಲಿ ಕಾಣುವ ಎಲ್ಲ ಗೋಡೆಗಳೂ ನಿಜವಾದ ಮಣ್ಣಿನವಲ್ಲ, ಅನೇಕವು ಮರದ ಚೌಕಟ್ಟಿಗೆ ಮಣ್ಣಿನ ಬಣ್ಣದ ಗಾರೆ ಬಳಿದವು. ಹಾಗಿದ್ದರೂ ಊರಿನ ಮೊಗ ಒಂದಾಗಿ ಉಳಿದಿದೆ, ಸಂಜೆಯ ಬೆಳಕಿಗೆ ಇಡೀ ಬೀದಿ ಒಂದೇ ಬಣ್ಣಕ್ಕೆ ತಿರುಗುತ್ತದೆ.

ಕಟ್ಟಡಗಳ ದೃಷ್ಟಿಯಿಂದ ಸೆಡೋನಾದಲ್ಲಿ ಹೇಳುವಂಥದ್ದು ಕಡಿಮೆ. ಅದು ಹೊಸ ಊರು: 1902ರಲ್ಲಿ ಅಂಚೆ ಕಚೇರಿ ಬಂದಾಗ, ಮೊದಲ ಅಂಚೆ ಯಜಮಾನರ ಪತ್ನಿ ಸೆಡೋನಾ ಶ್ನೆಬ್ಲಿಯವರ ಹೆಸರನ್ನೇ ಊರಿಗಿಟ್ಟರು.

ಊಟದಲ್ಲಿ ಸಾಂಟಾ ಫೆಗೆ ಹೋಲಿಕೆಯೇ ಇಲ್ಲ. ಅಲ್ಲಿನ ಊಟದ ಮೂಲ ಮೆಣಸಿನಕಾಯಿ. ಯಾವ ಹೋಟೆಲಿನಲ್ಲಿ ಕುಳಿತರೂ ಬಡಿಸುವವರು ಮೊದಲು ಕೇಳುವ ಪ್ರಶ್ನೆ, ಕೆಂಪೋ ಹಸಿರೋ ಎಂಬುದು. ಎರಡೂ ಬೇಕೆಂದರೆ ‘ಕ್ರಿಸ್ಮಸ್’ ಎನ್ನಬೇಕು. ಹಸಿರು ಕಾಯನ್ನು ಬೆಂಕಿಯಲ್ಲಿ ಸುಟ್ಟು ಸಿಪ್ಪೆ ಸುಲಿದು ಸಾರು ಮಾಡುತ್ತಾರೆ. ಅದೇ ಕಾಯಿ ಗಿಡದಲ್ಲೇ ಹಣ್ಣಾಗಿ ಒಣಗಿದರೆ ಕೆಂಪು. ಸೆಪ್ಟೆಂಬರ್ ಆರಂಭ ಸುಡುವ ಕಾಲ. ಅಂಗಡಿಗಳ ಮುಂದೆ ತಂತಿಯ ಪೀಪಾಯಿಗಳನ್ನು ಗ್ಯಾಸಿನ ಉರಿಯ ಮೇಲೆ ತಿರುಗಿಸುತ್ತ ಮೂಟೆಗಟ್ಟಲೆ ಕಾಯಿ ಸುಡುತ್ತಾರೆ, ಆ ಘಾಟು ಬೀದಿಯುದ್ದಕ್ಕೂ ಇರುತ್ತದೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ನಿಂತವರಿಗೆ ಈ ಊರು ದೂರದ್ದೆನಿಸದು. ನಿಜಕ್ಕೂ ನಮ್ಮ ಮೆಣಸಿನಕಾಯಿ ಅಮೆರಿಕ ಖಂಡದಿಂದಲೇ ಪೋರ್ಚುಗೀಸರ ಹಡಗಿನಲ್ಲಿ ಬಂದ ಬೆಳೆ; ನಾವು ಅಲ್ಲಿಗೆ ಹೋದದ್ದು ಒಂದು ರೀತಿಯಲ್ಲಿ ಅದರ ತವರಿನ ಸೀಮೆಗೇ. ಕೆಂಪು ಮೆಣಸಿನ ಸಾರಿನ ಬಣ್ಣ ಬ್ಯಾಡಗಿಯದನ್ನು ನೆನಪಿಸಿತು, ಆದರೆ ರುಚಿಯಲ್ಲಿ ಸ್ವಲ್ಪ ಮಣ್ಣಿನ ವಾಸನೆಯೂ ಹೊಗೆಯ ಎಳೆಯೂ ಹೆಚ್ಚು.

ಸಸ್ಯಾಹಾರಿಗಳು ಎಚ್ಚರ ವಹಿಸಬೇಕಾದ ಎರಡು ವಿಷಯಗಳಿವೆ. ಕೆಂಪು ಅಥವಾ ಹಸಿರು ಸಾರನ್ನು ಹಲವೆಡೆ ಮಾಂಸದ ಜೊತೆಗೇ ಕುದಿಸುತ್ತಾರೆ. ಬೀನ್ಸ್‌ಗೆ ಹಂದಿಯ ಕೊಬ್ಬು ಹಾಕುವ ರೂಢಿಯೂ ಇದೆ. ಪ್ರತಿ ಬಾರಿಯೂ ಬಿಡಿಸಿ ಕೇಳಿದೆವು, ಪ್ರತಿ ಬಾರಿಯೂ ಅಡುಗೆಮನೆಗೆ ಹೋಗಿ ವಿಚಾರಿಸಿಕೊಂಡು ಬಂದು ಹೇಳಿದರು. ನೀಲಿ ಗೋವಿನಜೋಳದ ರೊಟ್ಟಿಗಳ ನಡುವೆ ಚೀಸ್ ಇಟ್ಟು ಮಾಡುವ ಎಂಚಿಲಾಡಾ, ಕುಂಬಳದ ಜಾತಿಯ ಕಾಯಿ ಮತ್ತು ಎಳೆಜೋಳದ ಪಲ್ಯದಂಥ ಕಾಲಬಸೀತಾಸ್, ಕೊನೆಗೆ ಪೂರಿಯಂತೆ ಉಬ್ಬಿದ ಸೊಪಪಿಯಾ ಮತ್ತು ಜೇನುತುಪ್ಪ: ಮೂರು ದಿನವೂ ಇದನ್ನೇ ಉಂಡರೂ ಬೇಸರ ಬರಲಿಲ್ಲ. ಸೆಡೋನಾದಲ್ಲಿ ಸಸ್ಯಾಹಾರಕ್ಕೆ ತೊಂದರೆ ಇಲ್ಲ, ಆದರೆ ಊಟ ದುಬಾರಿ, ಆ ನೆಲಕ್ಕೇ ಸೇರಿದ್ದೆನ್ನುವ ರುಚಿ ನಮಗೆ ಸಿಗಲಿಲ್ಲ.

ತಂಗುವ ಕೋಣೆಗೂ ಸೆಡೋನಾದಲ್ಲಿ ನಾವು ಹೆಚ್ಚು ತೆತ್ತೆವು, ಸುಮಾರು ಒಂದೂವರೆ ಪಟ್ಟು. ಕೆಂಪು ಬಂಡೆ ಕಾಣುವ ಕೋಣೆ ಎಂದು ಹೆಚ್ಚಿನ ದರ ಕೊಟ್ಟು ಕಾದಿರಿಸಿದ್ದೆವು. ಹೋಗಿ ನೋಡಿದರೆ ಕಿಟಕಿಯ ಮೂಲೆಯಲ್ಲಿ, ಕಾರುಗಳ ಸಾಲಿನ ಆಚೆ, ಬಂಡೆಯ ತುದಿಯಷ್ಟೇ ಕಾಣುತ್ತಿತ್ತು. ಕೇಳಿದಾಗ ಬದಲಿ ಕೋಣೆ ಇಲ್ಲವೆಂದರು. ದಿನವೆಲ್ಲ ಹೊರಗೇ ಇರುವ ಊರಿನಲ್ಲಿ ಕಿಟಕಿಯ ನೋಟಕ್ಕೆ ಹಣ ಕೊಡಬೇಕಾಗಿಲ್ಲ ಎಂದು ಈಗ ಅನಿಸುತ್ತದೆ.

ಆದರೆ ರಾತ್ರಿ ಸೆಡೋನಾದ್ದೇ. 2014ರಲ್ಲಿ ಅದಕ್ಕೆ ಕತ್ತಲ ಆಕಾಶವನ್ನು ಕಾಪಾಡುವ ಊರೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದೆ; ದೀಪಗಳೆಲ್ಲ ನೆಲದತ್ತ ಮುಖಮಾಡಿವೆ. ಊಟ ಮುಗಿಸಿ ಊರಂಚಿನ ಒಂದು ತೆರವಿನಲ್ಲಿ ಕಂಬಳಿ ಹೊದ್ದು ಕುಳಿತೆವು. ಮಹಾವ್ಯಾಧ, ಅವನ ಹಿಂದೆ ಲುಬ್ಧಕ, ಮೇಲೆ ಕೃತ್ತಿಕೆಯ ಗೊಂಚಲು, ಬಂಡೆಗಳ ಕಪ್ಪು ಅಂಚಿನ ಮೇಲೆ ಇವೆಲ್ಲ ಸ್ಪಷ್ಟವಾಗಿದ್ದವು. ಅದೇ ಊರಿನ ಓಕ್ ಕ್ರೀಕ್ ಎಂಬ ತೊರೆಯ ದಂಡೆಯಲ್ಲಿ ಮರುದಿನ ಪತ್ನಿ ಚಪ್ಪಲಿ ಕಳಚಿ, ಮಂಜಿನಷ್ಟು ತಣ್ಣಗಿದ್ದ ನೀರಿಗೆ ಕಾಲಿಟ್ಟು, ತುಂಗೆಯ ನೀರಿನ ಸದ್ದೇ ಇದು ಎಂದಳು. ಅವಳಿಗೆ ಆ ಊರು ಹಿಡಿಸಿದ್ದು ಅಲ್ಲಿ.

ಸೆಡೋನಾದ ‘ವೋರ್ಟೆಕ್ಸ್’ಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೆಲ್ ರಾಕ್, ಬಾಯ್ನ್‌ಟನ್ ಕಣಿವೆ ಮುಂತಾದ ಕಡೆ ಭೂಮಿಯಿಂದ ಒಂದು ಶಕ್ತಿ ಹೊಮ್ಮುತ್ತದೆಂಬ ನಂಬಿಕೆ ಅದು. ವಿಜ್ಞಾನದ ಆಧಾರ ಅದಕ್ಕಿಲ್ಲ, ನಮಗೆ ಏನೂ ಅನುಭವಕ್ಕೆ ಬರಲಿಲ್ಲ. ಅದಕ್ಕಿಂತ ನಾನು ಹೇಳುವುದು ಅಮಿತಾಭ ಸ್ತೂಪವನ್ನು: 2004ರಲ್ಲಿ ಪ್ರತಿಷ್ಠಾಪನೆಯಾದ 36 ಅಡಿಯ ಆ ಟಿಬೆಟನ್ ಸ್ತೂಪ ಜೂನಿಪರ್ ಗಿಡಗಳ ನಡುವೆ, ಕೆಂಪು ಬೆಟ್ಟದ ಬುಡದಲ್ಲಿದೆ. ಮೂರು ಸುತ್ತು ಪ್ರದಕ್ಷಿಣೆ ಮಾಡಿ ಕುಳಿತೆವು. ಗಾಳಿಗೆ ಪತಾಕೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಸಾಂಟಾ ಫೆಯಿಂದ ಉತ್ತರಕ್ಕೆ ಒಂದು ಗಂಟೆಯೊಳಗಿನ ದೂರದಲ್ಲಿರುವ ಚಿಮಾಯೊ ಇದಕ್ಕೆ ಸಾಟಿಯಾದ ಜಾಗ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಮಣ್ಣಿನ ಚಿಕ್ಕ ಚರ್ಚಿನ ಒಳಕೋಣೆಯಲ್ಲಿ ನೆಲದಲ್ಲೊಂದು ಕುಳಿ. ಅದರ ಮಣ್ಣು ಕಾಯಿಲೆ ಗುಣಮಾಡುತ್ತದೆಂದು ಭಕ್ತರು ಚಿಟಿಕೆ ಚಿಟಿಕೆಯಾಗಿ ಒಯ್ಯುತ್ತಾರೆ. ಕುಳಿ ಬರಿದಾದಂತೆ ಹತ್ತಿರದ ಗುಡ್ಡದ ಮಣ್ಣನ್ನು ತಂದು ತುಂಬುತ್ತಾರೆ, ಹಾಗೆ ತುಂಬುವ ಸಂಗತಿಯನ್ನು ಬಚ್ಚಿಡುವುದೂ ಇಲ್ಲ. ಪಕ್ಕದ ಗೋಡೆಯುದ್ದಕ್ಕೂ ಗುಣವಾದವರು ಬಿಟ್ಟುಹೋದ ಊರುಗೋಲುಗಳಿವೆ. ಮಂತ್ರಾಲಯದ ಮೃತ್ತಿಕೆಯನ್ನು ಪೆಟ್ಟಿಗೆಯಲ್ಲಿಟ್ಟು ಸಾಗರ ದಾಟಿ ಬಂದ ಮನೆಯವರು ನಾವು. ಯಾರೂ ನಮಗೆ ಏನನ್ನೂ ವಿವರಿಸಬೇಕಾಗಲಿಲ್ಲ.

ಲೇಬರ್ ಡೇಗೆ ಮುಂಚಿನ ಶುಕ್ರವಾರ ರಾತ್ರಿ ಸಾಂಟಾ ಫೆಯಲ್ಲಿ ಝೊಝೋಬ್ರಾ ಎಂಬ ಐವತ್ತು ಅಡಿಯ ಬಿಳಿಯ ಗೊಂಬೆಯನ್ನು ಸುಡುತ್ತಾರೆ. 1924ರಲ್ಲಿ ವಿಲ್ ಶುಸ್ಟರ್ ಎಂಬ ಕಲಾವಿದರು ಶುರು ಮಾಡಿದ ಪದ್ಧತಿ ಅದು. ವರ್ಷದ ದುಃಖವೆಲ್ಲ ಆ ಗೊಂಬೆಯಲ್ಲಿ ಸೇರಿ ಬೂದಿಯಾಗುತ್ತದೆಂಬುದು ಅದರ ಅರ್ಥ. ಜನ ತಮ್ಮ ಸಂಕಟಗಳನ್ನು ಕಾಗದದಲ್ಲಿ ಬರೆದು ಗೊಂಬೆಯೊಳಗೆ ಹಾಕಲು ಕೊಡುತ್ತಾರೆ. ನಮ್ಮ ಊರಿನ ಕಾಮದಹನದಂತೆಯೇ ಕೂಗು, ತಮಟೆಯ ಬದಲು ಡ್ರಮ್ಮು. ಮಗಳು ಮನೆ ಬಿಟ್ಟು ಆಗ ಎರಡು ವಾರವಾಗಿತ್ತು. ಪತ್ನಿ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಏನೋ ಬರೆದು ಮಡಿಸಿ ಕೊಟ್ಟಳು, ನಾನು ಕೇಳಲಿಲ್ಲ. ಜನಸಂದಣಿ ವಿಪರೀತ, ಹಿಂದಿರುಗಲು ಒಂದು ಗಂಟೆ ನಡೆಯಬೇಕಾಯಿತು, ಕೋಣೆಯ ದರವೂ ಆ ಶುಕ್ರವಾರ ಏರಿರುತ್ತದೆ. ಆದರೂ ಆ ರಾತ್ರಿಯನ್ನು ತಪ್ಪಿಸಿಕೊಳ್ಳಬೇಕೆಂದು ನಾನು ಯಾರಿಗೂ ಹೇಳಲಾರೆ.

ಸಾಂಟಾ ಫೆಯಲ್ಲಿ ಬೆಟ್ಟಗುಡ್ಡದ ಆಸೆಯೂ ಸ್ವಲ್ಪ ತೀರುತ್ತದೆ. ಒಂದು ಗಂಟೆಯ ದೂರದ ಬ್ಯಾಂಡಲಿಯರ್ ಎಂಬ ರಾಷ್ಟ್ರೀಯ ಸ್ಮಾರಕದಲ್ಲಿ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆಯ ಬಂಡೆಯನ್ನು ಕೊರೆದು ಪ್ವೆಬ್ಲೊ ಜನರ ಪೂರ್ವಿಕರು ಮಾಡಿಕೊಂಡ ಮನೆಗಳಿವೆ. ಆಲ್ಕೋವ್ ಹೌಸ್ ಎಂಬುದಕ್ಕೆ ಮರದ ಏಣಿಗಳಲ್ಲಿ 140 ಅಡಿ ಏರಬೇಕು. ಪತ್ನಿ ಕೆಳಗೇ ನಿಂತಳು, ನಾನೊಬ್ಬನೇ ಹತ್ತಿ ಇಳಿದೆ. ಬೇಸಗೆಯಿಂದ ಅಕ್ಟೋಬರ್ ನಡುವಿನವರೆಗೆ ಹಗಲು ಹೊತ್ತು ಅಲ್ಲಿಗೂ ಬಸ್ಸಿನಲ್ಲೇ ಹೋಗಬೇಕು. ಈ ಸೀಮೆಯ ಗುಡ್ಡಗಳನ್ನು ಚಿತ್ರಿಸಿದ ಕಲಾವಿದೆ ಜಾರ್ಜಿಯಾ ಓಕೀಫ್ ಅವರ ಚಿತ್ರಗಳಿಗೆಂದೇ 1997ರಲ್ಲಿ ತೆರೆದ ಸಂಗ್ರಹಾಲಯ ಚಿಕ್ಕದು, ಒಂದೂವರೆ ಗಂಟೆ ಸಾಕು. ನೋಡಿ ಹೊರಬಂದ ಮೇಲೆ ಸುತ್ತಲಿನ ಗುಡ್ಡಗಳ ಮಡಿಕೆಗಳು ಬೇರೆಯಾಗಿ ಕಂಡವು.

ನಡೆಯಲು ಬಲ್ಲ, ಬೇಗ ಏಳಬಲ್ಲ, ಮೊದಲ ಸಲ ಈ ಸೀಮೆಗೆ ಹೋಗುವ ಜೋಡಿಗೆ ನಾನು ಸೆಡೋನಾ ಎನ್ನುತ್ತೇನೆ, ಆದರೆ ರಜೆಯ ಸೋಮವಾರವನ್ನು ಬಿಟ್ಟು ವಾರದ ನಡುವೆ ಹೋಗಿ ಎಂದೂ ಸೇರಿಸುತ್ತೇನೆ. ಮಾತಾಡಿಕೊಂಡು ಅಲೆಯುವುದೇ ಮುಖ್ಯವಾದವರಿಗೆ, ಊಟದಲ್ಲಿ ಆಸಕ್ತಿಯುಳ್ಳವರಿಗೆ, ಲೇಬರ್ ಡೇ ವಾರಾಂತ್ಯಕ್ಕೆ, ಸಾಂಟಾ ಫೆ. ಡಿಸೆಂಬರ್‌ನಲ್ಲಿ ಮಗಳು ಬಂದಾಗ ಮೂವರೂ ಸಾಂಟಾ ಫೆಗೆ ಹೋಗುವುದೆಂದು ತೀರ್ಮಾನವಾಗಿದೆ. ಕ್ರಿಸ್ಮಸ್ ಹಿಂದಿನ ರಾತ್ರಿ ಕ್ಯಾನ್ಯನ್ ರೋಡ್‌ನ ಮಣ್ಣಿನ ಗೋಡೆಗಳ ಮೇಲೆ, ಮರಳು ತುಂಬಿದ ಕಾಗದದ ಚೀಲಗಳೊಳಗೆ ಸಾಲುಸಾಲಾಗಿ ಮೇಣದ ಬತ್ತಿ ಹಚ್ಚಿಡುತ್ತಾರಂತೆ. ಅದಕ್ಕೆ ಪ್ರತಿಯಾಗಿ ಮುಂದಿನ ಮಾರ್ಚ್‌ನಲ್ಲಿ ನಾವಿಬ್ಬರೇ ಸೆಡೋನಾಕ್ಕೆ, ಮಂಗಳವಾರದಿಂದ ಶುಕ್ರವಾರದವರೆಗೆ, ಬಂಡೆ ಕಾಣುವ ಕೋಣೆಯಲ್ಲ, ತೊರೆಯ ಸದ್ದು ಕೇಳುವ ಕೋಣೆ ಹಿಡಿದು ಹೋಗಬೇಕೆಂಬುದು ಪತ್ನಿಯ ಷರತ್ತು. ನಾನು ಒಪ್ಪಿದ್ದೇನೆ.